ಹೊರಗಿನ ಬೀಗ

ಜೂನ್ ೪

ಅಪ್ಪನಿಗೆ ನಮಸ್ಕಾರಗಳು.

ಸೇರಿದ ದಿನವೇ ಪತ್ರ ಹಾಕುತ್ತೇನೆಂದು ಹೇಳಿ ಬಂದವನು ಇಷ್ಟು ದಿನ ಸುಮ್ಮನಿದ್ದೆ. ಸೋಮಾರಿ ಎಂದು ನೀವು ಬೈಯುವ ಮುಂಚೆ ಹೇಳಿಬಿಡುತ್ತೇನೆ, ಸೋಮಾರಿತನವಲ್ಲ, ಕಾಲುನೋವು. ಸರ್ಕಾರಿ ಇನ್ಸ್‌ಪೆಕ್ಟರ್ ಕೆಲಸ ಎಂದರೆ ಮೇಜು ಕುರ್ಚಿ ಎಂದುಕೊಂಡಿದ್ದೆ. ಇಲ್ಲಿ ಕುರ್ಚಿ ಇರುವುದು ನಮ್ಮ ಬಿಳಿಯ ದೊರೆಗೆ. ಕಾರ್ಖಾನೆಗಳನ್ನೆಲ್ಲ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ. ಕಾರಿನಲ್ಲಿ ಹೋಗಿ, ಮ್ಯಾನೇಜರನ ಕೋಣೆಯಲ್ಲಿ ಚಹಾ ಕುಡಿದು, ಯಂತ್ರಗಳಿಗೆ ಸುತ್ತ ತಡೆ ಹಾಕಿಸಿದ್ದೀರಾ ಎಂದು ಕೇಳಿ ಬರುತ್ತಾರೆ. ಬೀದಿಯ ಅಂಗಡಿಗಳು ನನ್ನ ಪಾಲಿಗೆ, ಅಂದರೆ ನನ್ನ ಚಪ್ಪಲಿಯ ಪಾಲಿಗೆ.

ಹೊಸ ಅಂಗಡಿ ಕಾಯ್ದೆ ನಿಮಗೆ ಗೊತ್ತೇ ಇದೆ. ರಾತ್ರಿ ಎಂಟಕ್ಕೆ ಬಾಗಿಲು ಮುಚ್ಚಬೇಕು, ಆಮೇಲೆ ಯಾರಿಂದಲೂ ಕೆಲಸ ಮಾಡಿಸಬಾರದು, ವಾರಕ್ಕೊಂದು ದಿನ ರಜೆ ಕೊಡಬೇಕು. ಮಾಲೀಕನ ಮನೆಯವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಹಾಗಾಗಿ ಈ ಊರಿನಲ್ಲಿ ಕೆಲಸದವರು ಎಂಬ ಜಾತಿಯೇ ಅಳಿದುಹೋಗಿದೆ. ಎಲ್ಲರೂ ಸೋದರಳಿಯಂದಿರು. ಒಬ್ಬ ಪಾತ್ರೆ ಅಂಗಡಿಯವನಿಗೆ ತನಗಿಂತ ವಯಸ್ಸಾದ ಸೋದರಳಿಯನಿದ್ದಾನೆ. ನಿಮ್ಮ ಮಾವನ ಹೆಸರೇನು ಎಂದು ಕೇಳಿದೆ, ಪಾಪ, ಅವನು ಮಾವನ ಮುಖವನ್ನೇ ನೋಡಿದ.

ಆದರೂ ಸಂಜೆ ಎಂಟಕ್ಕೆ ನೀವು ಈ ಬೀದಿಯನ್ನು ನೋಡಬೇಕು. ಒಂದರ ಹಿಂದೊಂದು ಹಲಗೆಗಳು ಬೀಳುತ್ತವೆ, ಬೀಗಗಳು ಬೀಳುತ್ತವೆ. ನಾನು ಒಂದೊಂದನ್ನೂ ಎಳೆದು ನೋಡುತ್ತ ಹೋಗುತ್ತೇನೆ. ಇಷ್ಟೂ ಜನ ಈಗ ಮನೆಗೆ ಹೋಗಿ ಕೈಕಾಲು ತೊಳೆದು ಕೂತಿರುತ್ತಾರೆ ಎಂದು ನೆನೆದಾಗ ಹೆಮ್ಮೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಉದ್ದಣ್ಣ ಹೇಗಿದ್ದಾನೆ? ನಾನು ನಡೆಯಲು ಕಲಿಯುವ ಮುಂಚೆ ನಮ್ಮ ಗುಂಡಿ-ದಾರದ ಅಂಗಡಿಗೆ ಕೆಲಸಕ್ಕೆ ಬಂದವನು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇಲಿನ ಸಾಲಿನ ಗುಂಡಿಗಳನ್ನು ತೋರಿಸಿದವನು. ಅವನಿಗೆ ರಜೆ ಕೊಡುತ್ತಿದ್ದೀರಿ ತಾನೇ? ನಮ್ಮ ಅಂಗಡಿ ಎಂಟಕ್ಕೆ ಮುಚ್ಚುತ್ತದೆ ತಾನೇ? ಮಗ ಊರಿಗೆಲ್ಲ ಬುದ್ಧಿ ಹೇಳಿ, ಅಪ್ಪ ಸಿಕ್ಕಿಬಿದ್ದರೆ ನಾನು ಎಲ್ಲಿ ಮುಖ ಇಡಲಿ?

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ


ಜೂನ್ ೧೬

ಮಗನಿಗೆ ಆಶೀರ್ವಾದ.

ಪತ್ರ ಓದಿ ನಿನ್ನಮ್ಮ ಕಾಲುನೋವಿನ ಜಾಗವನ್ನೇ ಮತ್ತೆ ಮತ್ತೆ ಓದಿಸಿದಳು. ಎಣ್ಣೆ ಹಚ್ಚಿಕೊಳ್ಳಬೇಕಂತೆ. ಸರ್ಕಾರ ಎಣ್ಣೆ ಕೊಡುತ್ತದೋ ಇಲ್ಲವೋ ಕೇಳಿ ನೋಡು.

ನಮ್ಮ ಅಂಗಡಿಯ ಚಿಂತೆ ನಿನಗೆ ಬೇಡ. ಎಂಟು ಹೊಡೆಯುವುದಕ್ಕೂ ನಾನು ಬೀಗ ಹಾಕುವುದಕ್ಕೂ ಸರಿ ಹೋಗುತ್ತದೆ. ಇಲ್ಲಿನ ಇನ್ಸ್‌ಪೆಕ್ಟರ್ ಕಣ್ಣು ಸರಿಯಿಲ್ಲದ ಮುದುಕ. ಬೀಗವನ್ನು ಕೈಯಿಂದ ತಡವಿ, ತಲೆಯಾಡಿಸಿ ಮುಂದೆ ಹೋಗುತ್ತಾನೆ. ಮೊದಲು ಈ ಹೊತ್ತಿನಲ್ಲೇ ದರ್ಜಿಗಳು ಬರುತ್ತಿದ್ದರು. ಅರ್ಧ ಹೊಲಿದ ಕೋಟನ್ನು ಹೆಗಲಿಗೆ ಹಾಕಿಕೊಂಡು, ಇದಕ್ಕೆ ಸರಿಹೊಂದುವ ಗುಂಡಿ ಕೊಡಿ ಎನ್ನುವವರು. ಈಗ ಅವರು ಬೆಳಗ್ಗೆ ಬರುತ್ತಾರೆ, ಅವಸರ ಮಾಡುತ್ತಾರೆ, ಚೌಕಾಸಿ ಮಾಡುತ್ತಾರೆ. ಎಲ್ಲ ನಿನ್ನ ಕಾಯ್ದೆಯ ಕೃಪೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿಮ್ಮೂರಿನಲ್ಲಿ ಬಿಳಿಯರ ದೊಡ್ಡ ಬಟ್ಟೆ ಅಂಗಡಿ ಇದೆಯಲ್ಲ, ಗಾಜಿನ ಬಾಗಿಲು, ಒಳಗೆ ಮರದ ಗೊಂಬೆಗಳಿಗೆ ಅಂಗಿ ತೊಡಿಸಿ ನಿಲ್ಲಿಸಿದ್ದು. ಅದರ ಬೀಗವನ್ನು ಎಳೆದು ನೋಡಿದ್ದೀಯಾ? ಸುಮ್ಮನೆ ಕೇಳಿದೆ.

ಉದ್ದಣ್ಣ ಗುಂಡುಕಲ್ಲಿನ ಹಾಗಿದ್ದಾನೆ. ರಜೆ ಕೊಟ್ಟೆ. ಮೊದಲ ರಜೆಯ ದಿನ ಇಡೀ ಹೊತ್ತು ಎದುರು ಕಟ್ಟೆಯ ಮೇಲೆ ಕೂತು ನಮ್ಮ ಅಂಗಡಿಯನ್ನೇ ನೋಡುತ್ತಿದ್ದ. ಸಾಯಂಕಾಲ ಬಂದು, ಯಜಮಾನ್ರೇ, ಹೊರಗಿನಿಂದ ನಮ್ಮ ಬೋರ್ಡು ಓರೆಯಾಗಿ ಕಾಣ್ತದೆ ಅಂದ. ಇದಕ್ಕೆ ರಜೆ ಬೇಕಿತ್ತೇ?

ಇತಿ,
ನಿನ್ನ ಅಪ್ಪ

ಮಗು, ಇದು ಅಮ್ಮ. ಕೆಳಗೆ ಜಾಗ ಉಳಿದಿದೆ, ಹಾಗೇ ಬಿಟ್ಟರೆ ಅಂಚೆ ದುಡ್ಡು ದಂಡ. ಕಾಲಿಗೆ ಎಣ್ಣೆ ಹಚ್ಚು, ಸಂಕೋಚ ಮಾಡಬೇಡ. ನನಗೂ ಈಗ ಅಡಿಗೆಯನ್ನು ಬೇಗ ಮುಗಿಸಬೇಕಾಗಿದೆ. ಉದ್ದಣ್ಣನ ಊಟವನ್ನು ಏಳಕ್ಕೇ ಕಳಿಸಬೇಕು, ಬೀಗ ಹಾಕಿದ ಮೇಲೆ ಒಳಗೆ ಕೊಡುವುದಕ್ಕೆ ಆಗುವುದಿಲ್ಲವಲ್ಲ. ಅವನು ಕೆಲಸ ಮುಗಿಸಿ ತಿನ್ನುವ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ. ಅದೊಂದು ಬೇಜಾರು.


ಜೂನ್ ೨೩

ಅಪ್ಪನಿಗೆ ನಮಸ್ಕಾರಗಳು.

ಅಮ್ಮ ಬರೆದ ಸಾಲುಗಳನ್ನು ಎಷ್ಟು ಸಲ ಓದಿದೆನೋ ತಿಳಿಯದು. ಅಪ್ಪ, ನೇರವಾಗಿ ಕೇಳುತ್ತೇನೆ. ನೀವು ಹೊರಗಿನಿಂದ ಬೀಗ ಹಾಕುವಾಗ ಉದ್ದಣ್ಣ ಒಳಗಿರುತ್ತಾನೆಯೇ?

ನಾನೆಂಥ ದಡ್ಡ ನೋಡಿ. ಅವನು ಅಂಗಡಿಯಲ್ಲೇ ಮಲಗುತ್ತಾನೆ ಎಂಬುದು ಹುಟ್ಟಿದಂದಿನಿಂದ ಗೊತ್ತು. ಕೌಂಟರಿನ ಮೇಲೆ ಹಾಸಿಗೆ, ಆಚೆಗೆ ಚಾಚಿಕೊಂಡ ಪಾದಗಳು. ಆದರೆ ಆಗ ಚಿಲಕ ಒಳಗಿತ್ತು. ನಾನು ಬೆಳಗ್ಗೆ ಬಾಗಿಲು ತಟ್ಟಿದರೆ ಅವನೇ ತೆಗೆಯುತ್ತಿದ್ದ. ಈಗ ಬಾಗಿಲ ಹೊರಗೆ ಬೀಗ ಕಂಡರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ. ಇನ್ಸ್‌ಪೆಕ್ಟರಿಗೆ ಬೇಕಾದ್ದು ಅಷ್ಟೇ. ನನಗೂ ಅಷ್ಟೇ ಬೇಕಿತ್ತು.

ನಿಮ್ಮ ಪತ್ರ ಬಂದ ಸಂಜೆ ಬೀದಿಗೆ ಹೋದೆ. ಎಂದಿನಂತೆ ಬೀಗ ಎಳೆಯಲಿಲ್ಲ. ಒಂದು ದರ್ಜಿ ಅಂಗಡಿಯ ಬಾಗಿಲಿಗೆ ಕಿವಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಹೊಲಿಗೆ ಯಂತ್ರ. ಸದ್ದು ಕೇಳಬಾರದೆಂದು ಅದರ ಕೆಳಗೆ ದಪ್ಪ ಬಟ್ಟೆ ಹಾಸಿದ್ದರು, ಮೆಲ್ಲಗೆ ಗೊರಕೆ ಹೊಡೆದ ಹಾಗೆ ಕೇಳುತ್ತಿತ್ತು. ತಟ್ಟಿದೆ. ನಿಂತಿತು. ಬಾಗಿಲು ತೆಗೆಯಿರಿ, ಸರ್ಕಾರದವನು ಅಂದೆ. ಒಳಗೆ ಯಾರೋ ಕೆಮ್ಮಿದರು. ಬಹಳ ಹೊತ್ತಿನ ಮೇಲೆ ಒಬ್ಬ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದ:

"ತೆಗೆಯೋಕೆ ಕೀ ನಮ್ಮ ಹತ್ರ ಇಲ್ಲ ಸ್ವಾಮಿ. ನಿಮ್ಮ ಕಡೆ ಇದ್ದರೆ ನೀವೇ ತೆಗೀರಿ."

ಅಲ್ಲಿಂದ ಪಕ್ಕದ ಬಾಗಿಲಿಗೆ, ಅದರ ಪಕ್ಕದ್ದಕ್ಕೆ. ಕತ್ತರಿ, ಸುತ್ತಿಗೆ, ಯಾರೋ ಸೀನಿದ್ದು. ನನ್ನ ಹೆಮ್ಮೆಯ ಬೀದಿ ಇದು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮಲಗಿದರೆ ನಮ್ಮ ಅಂಗಡಿಯ ಒಳಗು ಕಣ್ಣಿಗೆ ಬರುತ್ತದೆ. ಅದಕ್ಕೆ ಕಿಟಕಿಯಿಲ್ಲ ಅಪ್ಪ. ಒಂದು ದೀಪ ಉರುಳಿದರೆ, ಆ ರಟ್ಟು, ಆ ಲೇಸು, ಆ ದಾರ.

ಇವತ್ತೇ ಆ ಬೀಗ ತೆಗೆಯಿರಿ. ಕಾಯ್ದೆಗಾಗಿ ಹೇಳುತ್ತಿಲ್ಲ.

ನಿಮ್ಮ ಮಗ


ಜುಲೈ ೮

ಮಗನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲು ಬರೆದದ್ದನ್ನು ನಿನ್ನಮ್ಮ ಹರಿದುಹಾಕಿದಳು.

ಹೌದು, ಅವನು ಒಳಗಿರುತ್ತಾನೆ. ಏನೀಗ? ನಾನು ಯಾರನ್ನಾದರೂ ಜೈಲಿಗೆ ಹಾಕಿದ ಹಾಗೆ ಬರೆದಿದ್ದೀಯಲ್ಲ. ಎಂಟರ ನಂತರ ಒಂದಿಷ್ಟು ಗುಂಡಿಯನ್ನು ರಟ್ಟಿಗೆ ಹೊಲಿಯುತ್ತಾನೆ, ನಿದ್ದೆ ಬಂದಾಗ ಮಲಗುತ್ತಾನೆ. ಬೆಳಕು ಕಾಣದಿರಲಿ ಎಂದು ಬಾಗಿಲ ಸಂದಿಗೆ ಅಸ್ತರಿ ಬಟ್ಟೆ ತುರುಕಿದ್ದೇವೆ, ಮೇಲಿನ ಕಿಂಡಿಗೆ ತಗಡು ಹೊಡೆದಿದ್ದೇವೆ. ಬೀದಿಯಲ್ಲಿ ಎಲ್ಲರೂ ಮಾಡಿದ್ದಾರೆ. ಪಕ್ಕದ ಪುಸ್ತಕ ಬೈಂಡಿಂಗ್ ಅಂಗಡಿಯವನು ನನಗಿಂತ ಮೊದಲು ಮಾಡಿದ.

ಗುಂಡಿ ಯಾರಿಗೆ ಗೊತ್ತೇ? ನಿನ್ನ ಸರ್ಕಾರಕ್ಕೇ. ಪೇದೆಗಳ ಹೊಸ ಅಂಗಿಗೆ ಹಿತ್ತಾಳೆ ಗುಂಡಿ, ಅದರ ಮೇಲೆ ಅಚ್ಚಾದ ರಾಜನ ತಲೆ ಮೇಲ್ಮುಖವಾಗಿ ಬರುವ ಹಾಗೆ ರಟ್ಟಿಗೆ ಹೊಲಿದು ಕೊಡಬೇಕು. ಒಂದು ರಟ್ಟಿನಲ್ಲಿ ಒಂದು ತಲೆ ವಾಲಿದರೂ ಇಡೀ ಪೆಟ್ಟಿಗೆ ವಾಪಸ್ಸು. ಸೆಪ್ಟೆಂಬರ್ ಮುಗಿಯುವುದರೊಳಗೆ ಬೇಕಂತೆ. ಎಂಟಕ್ಕೆ ಮುಚ್ಚು ಎನ್ನುವವರೂ ಅವರೇ, ಬೇಗ ಕೊಡು ಎನ್ನುವವರೂ ಅವರೇ. ಇದನ್ನು ಯಾವ ಇನ್ಸ್‌ಪೆಕ್ಟರಿಗೆ ಹೇಳಲಿ?

ಇನ್ನೊಂದು ಮಾತು. ಕಾಯ್ದೆಯವರು ಹೆಸರು ಬರೆದುಕೊಳ್ಳಲು ಬಂದಾಗ ನಾನು ಉದ್ದಣ್ಣನನ್ನು ಮಗ ಎಂದು ಬರೆಸಿದ್ದೇನೆ. ಸೋದರಳಿಯ ಅಲ್ಲ, ಮಗ. ನನಗೆ ನಾಚಿಕೆಯಾಗಲಿಲ್ಲ, ಯಾಕೆಂದರೆ ಸುಳ್ಳು ಹೇಳಿದೆ ಎನ್ನಿಸಲಿಲ್ಲ. ನೀನು ಹೋದ ಮೇಲೆ ನನ್ನ ಜೊತೆ ಇರುವವನು ಅವನೇ.

ಕೊನೆಗೆ ಇದನ್ನು ಕೇಳಿಸಿಕೋ. ನೀನೇ ಬರೆದಿದ್ದೀಯ, ಮೊದಲು ಚಿಲಕ ಒಳಗಿತ್ತು ಎಂದು. ಅದನ್ನು ಹೊರಗೆ ತಂದದ್ದು ಯಾರು? ನಿನ್ನ ಕಾಯ್ದೆ ಬರುವ ಮುಂಚೆ ನಾನು ಯಾರ ಮೇಲೂ ಬೀಗ ಹಾಕಿದವನಲ್ಲ.

ಬಿಳಿಯರ ಅಂಗಡಿಯ ಬಗ್ಗೆ ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ.

ನಿನ್ನ ಅಪ್ಪ


ಆಗಸ್ಟ್ ೧೧

ಅಪ್ಪನಿಗೆ,

ಉತ್ತರ ಬರೆಯುತ್ತಿದ್ದೇನೆ. ಹೋಗಿದ್ದೆ.

ಎದುರಿನ ಗಾಜಿನ ಬಾಗಿಲಿಗೆ ಬೀಗವಿತ್ತು, ಗೊಂಬೆಗಳು ಕತ್ತಲಲ್ಲಿ ನಿಂತಿದ್ದವು. ಹಿಂದಿನ ಓಣಿಗೆ ಹೋಗಿ ಕಿವಿ ಇಟ್ಟೆ. ಯಂತ್ರಗಳ ಸದ್ದಿಗೆ ಬಟ್ಟೆ ಹಾಸುವ ಗೋಜಿಗೂ ಅವರು ಹೋಗಿರಲಿಲ್ಲ. ಅವರಿಗೆ ಯಾರ ಭಯ? ಒಳಗೆ ಹೆಂಗಸರು ಗವರ್ನರ್ ಸಾಹೇಬರ ಮನೆಯ ಔತಣಕ್ಕೆ ಗೌನುಗಳನ್ನು ಹೊಲಿಯುತ್ತಿದ್ದರು. ಕೀ ಅಂಗಡಿಯ ದೊರೆಸಾನಿಯ ಬಳಿ. ಆಳು ಕಳಿಸಿ ಕರೆಸಿದೆ. ಆಕೆ ಊಟದ ಮಧ್ಯೆ ಎದ್ದು ಬಂದಳು, ನನ್ನನ್ನು ಕಣ್ಣೆತ್ತಿ ನೋಡದೆ ಬಾಗಿಲು ತೆಗೆದಳು. ಒಂದು ಹುಡುಗಿ ಹೊರಗೆ ಬಂದು ಗೋಡೆ ಹಿಡಿದು ನಿಂತಳು, ನಡೆಯಲಾಗಲಿಲ್ಲ, ಕಾಲು ಜೋಮು ಹಿಡಿದಿತ್ತು.

ಮರುದಿನ ನಮ್ಮ ದೊರೆ ಒಂದೂ ಕೆಟ್ಟ ಮಾತಾಡಲಿಲ್ಲ. ಪೈಪಿಗೆ ತಂಬಾಕು ತುಂಬುತ್ತ, ನನ್ನ ಉತ್ಸಾಹ ಅವರಿಗೆ ಮೆಚ್ಚಿಗೆಯಾಗಿದೆಯೆಂದೂ, ಅದು ಸ್ವಂತ ಜನರ ನಡುವೆ ಇನ್ನೂ ಚೆನ್ನಾಗಿ ಉಪಯೋಗವಾದೀತೆಂದೂ ಹೇಳಿದರು. ಮೊಕದ್ದಮೆ ಇಲ್ಲ. ನಮ್ಮೂರಿನ ಮುದುಕ ಇನ್ಸ್‌ಪೆಕ್ಟರಿಗೆ ನಿವೃತ್ತಿಯಂತೆ. ಸೆಪ್ಟೆಂಬರ್ ಒಂದರಿಂದ ಅಲ್ಲಿಗೆ ನಾನು.

ಹೌದು ಅಪ್ಪ, ಕಾಯ್ದೆ ಮೇಲಿನವರನ್ನು ಮುಟ್ಟುವುದಿಲ್ಲ. ನೀವು ಹೇಳಿದ್ದೇ ಸರಿ. ಹೊರಗಿನ ಬೀಗವನ್ನು ನಾವೇ ತಂದೆವು ಎಂಬುದೂ ಸರಿ, ಅದು ನನ್ನನ್ನು ತಿನ್ನುತ್ತಿದೆ. ಆದರೆ ಇದೆಲ್ಲ ಸರಿಯಾದರೂ ಅಣ್ಣ ಒಳಗೇ ಇದ್ದಾನಲ್ಲ.

ನಾನು ಮನೆಯಲ್ಲಿ ಇಳಿದುಕೊಳ್ಳುವುದಿಲ್ಲ. ಸ್ಟೇಷನ್ ಹಿಂದೆ ಕೋಣೆ ಹಿಡಿಯುತ್ತೇನೆ. ಅಮ್ಮನಿಗೆ ನೀವೇ ಹೇಗಾದರೂ ಹೇಳಿ. ನಿಮ್ಮ ಮನೆಯ ಊಟ ಮಾಡಿ ನಿಮ್ಮ ಬಾಗಿಲಿಗೆ ಕಿವಿ ಇಡಲು ನನ್ನಿಂದಾಗದು. ನಾನು ಬರುವ ಮುಂಚೆ ಚಿಲಕವನ್ನು ಒಳಕ್ಕೆ ಹಾಕಿಸಿ. ಬೇಡಿಕೊಳ್ಳುತ್ತೇನೆ.

ನಿಮ್ಮ ಮಗ


ಸೆಪ್ಟೆಂಬರ್ ೯

ಮರಿ,

ನಾನು ನಿನ್ನ ಉದ್ದಣ್ಣ. ಅಕ್ಷರ ನೋಡಿ ನಗಬೇಡ. ಗುಂಡಿ ಪೆಟ್ಟಿಗೆ ಮೇಲಿನ ಚೀಟಿ ಓದಿ ಓದಿ ಕಲಿತದ್ದು, ಅದಕ್ಕೇ ಎಲ್ಲ ಅಕ್ಷರನೂ ಗುಂಡಗೆ ಬರ್ತವೆ. ಈ ಕಾಗದ ಕೊಡೋಕೆ ಹಾಲಿನವನಿಗೆ ಹೇಳಿದೀನಿ. ಯಜಮಾನ್ರಿಗೆ ಗೊತ್ತಾಗೋದು ಬೇಡ.

ನೀನು ಊರಿಗೆ ಬಂದದ್ದು ನಂಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲು ಹಾಕಿದ ಮೇಲೆ ಬೀದೀಲಿ ನಡೆಯೋರ ಹೆಜ್ಜೆ ನಂಗೆಲ್ಲ ಗುರುತಿದೆ. ನಿನ್ನದು ಸಣ್ಣೋನಿದ್ದಾಗಿನಿಂದ ಒಂದು ಕಾಲು ಎಳೆದ ಹಾಗೆ. ದಿನಾ ಬರ್ತೀಯ. ನಮ್ಮ ಬಾಗಿಲ ಹತ್ರ ನಿಧಾನ ಆಗ್ತೀಯ. ಆಮೇಲೆ ಜೋರಾಗಿ ಹೋಗಿಬಿಡ್ತೀಯ. ಹೋಗು, ಪರವಾಗಿಲ್ಲ. ಯಜಮಾನ್ರ ಮೇಲೆ ಕೇಸು ಹಾಕಬೇಡ ಅಂತ ಹೇಳೋಕೇ ಇದನ್ನ ಬರೀತಿರೋದು. ನನ್ನ ಕೇಳಿದರೆ ನಾನು ಮಗ ಅಂತಲೇ ಹೇಳೋನು. ಅವರು ಬರೆಸಿದ ದಿನ ನಂಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ ಆಗಿತ್ತು.

ಆದರೆ ನಿನ್ನ ಹತ್ರ ಮುಚ್ಚಿಡೋಕೆ ಆಗಲ್ಲ. ಬೀಗದ ಸದ್ದು ಕೇಳಿದ ಕೂಡಲೇ ನಂಗೆ ಉಸಿರು ಮೇಲೇ ನಿಂತುಬಿಡತ್ತೆ. ಒಳಗೆ ಇರೋದು ಅದೇ ಅಂಗಡಿ, ಅದೇ ಹಾಸಿಗೆ. ಮೊದಲೂ ರಾತ್ರಿಯೆಲ್ಲ ನಾನೇನು ಹೊರಗೆ ಹೋಗ್ತಿರಲಿಲ್ಲ. ಆದರೂ ಹೋಗಬಹುದಿತ್ತು. ಈಗ ಎದ್ದು ಎದ್ದು ಬಾಗಿಲು ತಳ್ಳಿ ನೋಡ್ತೀನಿ. ತೆರೆಯಲ್ಲ ಅಂತ ಗೊತ್ತಿದ್ದೂ ತಳ್ಳೋದು, ಹುಚ್ಚನ ಹಾಗೆ.

ಪಕ್ಕದ ಬೈಂಡಿಂಗ್ ಅಂಗಡಿಯಲ್ಲೂ ಒಬ್ಬ ಇದಾನೆ. ಅವನ ಮುಖ ನಾನು ಸರಿಯಾಗಿ ನೋಡಿಲ್ಲ. ಗೋಡೆ ಮೇಲೆ ಎರಡು ಸಲ ತಟ್ತಾನೆ, ನಾನೂ ಎರಡು ಸಲ ತಟ್ತೀನಿ. ಇದೀಯಾ ಅಂದ್ರೆ ಇದೀನಿ ಅಂತ. ಅಷ್ಟಾದ ಮೇಲೆ ನಿದ್ದೆ ಬರತ್ತೆ.

ಅಮ್ಮೋರು ನಿನ್ನ ತಟ್ಟೆ ದಿನಾ ತೊಳೆದಿಡ್ತಾರೆ. ಒಂದ್ಸಲ ಮನೆಗೆ ಹೋಗಿ ಬಾ.

ಉದ್ದಣ್ಣ


ಸೆಪ್ಟೆಂಬರ್ ೧೨

ಗುಂಡಿ ಮತ್ತು ದಾರದ ಅಂಗಡಿಯ ಮಾಲೀಕರಿಗೆ,

ಮಾನ್ಯರೇ,

ತಮ್ಮ ಅಂಗಡಿಯಲ್ಲಿ ಮುಚ್ಚುವ ಹೊತ್ತಿನ ನಂತರ ಕೆಲಸ ನಡೆಯುತ್ತಿರುವುದಾಗಿಯೂ, ಕೆಲಸಗಾರನನ್ನು ಒಳಗಿರಿಸಿ ಹೊರಗಿನಿಂದ ಬೀಗ ಹಾಕುತ್ತಿರುವುದಾಗಿಯೂ ತಿಳಿದುಬಂದಿದೆ. ಇದು ಈ ತಿಂಗಳೊಳಗೆ ನಿಲ್ಲತಕ್ಕದ್ದು. ತಪ್ಪಿದಲ್ಲಿ ಬಾಗಿಲು ತೆಗೆಸಿ, ತಮ್ಮ ಮೇಲೆ ಮೊಕದ್ದಮೆ ಹೂಡಲಾಗುವುದು. ಸದರಿ ಕೆಲಸಗಾರನು ತಮ್ಮ ಮಗನೆಂದು ನಮೂದಾಗಿರುವುದನ್ನು ಈ ಕಚೇರಿ ಒಪ್ಪುವುದಿಲ್ಲ, ಏಕೆಂದರೆ ತಮಗೆ ಒಬ್ಬನೇ ಮಗನಿರುವುದು ಈ ಕಚೇರಿಗೆ ಖಚಿತವಾಗಿ ಗೊತ್ತಿದೆ.

ಇನ್ಸ್‌ಪೆಕ್ಟರ್

ಅಮ್ಮನಿಗೆ ನಮಸ್ಕಾರ. ಕಾಲು ಈಗ ವಾಸಿ.


ಸೆಪ್ಟೆಂಬರ್ ೧೪

ಮಾನ್ಯ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಿಗೆ,

ತಮ್ಮ ನೋಟೀಸು ತಲುಪಿತು. ಅಂಗಡಿ ತುಂಬ ಗಿರಾಕಿಗಳಿರುವಾಗ ಜವಾನ ತಂದು ಕೊಟ್ಟ. ಬೈಂಡಿಂಗ್ ಅಂಗಡಿಯವನು ಕತ್ತು ಚಾಚಿ ಓದಿದ. ಬಹಳ ಉಪಕಾರವಾಯಿತು.

ಬೇರೆ ಬೀದಿಗಳಲ್ಲಿ ತಾವು ಬೀಗ ತೆಗೆಸಿದ ಸುದ್ದಿ ದಿನವೂ ಬರುತ್ತದೆ. ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ. ಹಾಗಾದರೆ ನಮ್ಮ ಬೀದಿಗೂ ಬನ್ನಿ, ತೆಗೆಸಿ. ಬಾಗಿಲಲ್ಲೇ ನಿಂತಿರುತ್ತೇನೆ.

ಇಷ್ಟೆಲ್ಲ ಕೂಗಾಡಲು ಬೀಗ ಹಾಕಿದ ಅಂಗಡಿಯಲ್ಲಿ ಕೂರುವುದರಲ್ಲಿ ಅಂಥದ್ದೇನಿದೆಯೋ ನನಗೆ ತಿಳಿಯದು. ನಾಲ್ಕು ಗೋಡೆ, ಒಂದು ದೀಪ, ಒಂದು ಹೂಜಿ ನೀರು. ಬೇಕಾದರೆ ನಾನೇ ಕೂತು ತೋರಿಸುತ್ತೇನೆ.

ಒಬ್ಬನೇ ಮಗನಿರುವ
ಮಾಲೀಕ


ಸೆಪ್ಟೆಂಬರ್ ೧೯, ರಾತ್ರಿ

ಮಗು,

ನಿನ್ನಪ್ಪನನ್ನು ಅಂಗಡಿಯೊಳಗೆ ಹಾಕಿ ಬೀಗ ಜಡಿದು ಬಂದಿದ್ದೇನೆ. ಗಾಬರಿ ಬೀಳಬೇಡ. ಈ ಕಾಗದ ನಾಳೆ ಬೆಳಗ್ಗೆ ಹಾಲಿನವನ ಕೈಗೆ ಕೊಡುತ್ತೇನೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಐದು ದಿನದಿಂದ ಮನೆಯಲ್ಲಿ ಒಂದೇ ಪಲ್ಲವಿ, ನಾನೇ ಕೂತು ತೋರಿಸುತ್ತೇನೆ, ನಾನೇ ಕೂತು ತೋರಿಸುತ್ತೇನೆ. ಇವತ್ತು ಎಂಟಕ್ಕೆ ಸರಿಯಾಗಿ ಅಂಗಡಿಗೆ ಹೋಗಿ, ಕೂರಿ ಅಂದೆ. ಉದ್ದಣ್ಣನೂ ಅಲ್ಲಿದ್ದ, ಅವನ ಮುಂದೆ ಇವರಿಗೆ ಹಿಂದೆಗೆಯಲು ಆಗಲಿಲ್ಲ. ಕನ್ನಡಕ ಹಾಕಿಕೊಂಡು, ಸೂಜಿ ದಾರ ತೆಗೆದುಕೊಂಡು ಗತ್ತಿನಿಂದ ಕೂತರು. ಬೀಗ ನಾನೇ ಹಾಕಿದೆ. ಕೀ ನನ್ನ ಸೊಂಟದಲ್ಲಿದೆ.

ಉದ್ದಣ್ಣ ಇಲ್ಲಿ ಅಡುಗೆಮನೆಯಲ್ಲಿ ಬಿಸಿ ಬಿಸಿ ಊಟ ಮಾಡುತ್ತಿದ್ದಾನೆ. ತುತ್ತಿಗೊಂದು ಸಲ ಬಾಗಿಲ ಕಡೆ ನೋಡುತ್ತಾನೆ. ಅಮ್ಮೋರೆ, ಸಾಕು, ಹೋಗೋಣ, ಅವರಿಗೆ ಗಾಳಿ ಸಾಲಲ್ಲ ಅಂದ. ನಿನಗೆ ಸಾಲುತ್ತಿತ್ತಲ್ಲ ಅಂದೆ. ಇನ್ನೊಂದು ಸೌಟು ಬಡಿಸಿದೆ.

ನನಗೂ ಭಯ ಇಲ್ಲದೆ ಇಲ್ಲ, ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ. ಆದರೆ ಈಗಲೇ ಹೋಗುವುದಿಲ್ಲ. ಅವನು ಉಂಡು ಮುಗಿಸಲಿ, ಆಮೇಲೆ ಸ್ವಲ್ಪ ಹೊತ್ತು ಜಗಲಿಯ ಮೇಲೆ ಸುಮ್ಮನೆ ಕೂರಲಿ.

ನಿನ್ನ ಅಮ್ಮ


ಸೆಪ್ಟೆಂಬರ್ ೨೦

ಮಗನಿಗೆ,

ನಿನ್ನಮ್ಮನ ಕಾಗದ ನಿನಗೆ ತಲುಪಿರಬಹುದು. ಅವಳು ಬರೆದಿರುವುದೆಲ್ಲ ನಿಜ. ಉಳಿದದ್ದನ್ನು ನಾನು ಬರೆಯಬೇಕು. ಬೆಳಗ್ಗೆಯಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ, ಗಿರಾಕಿಗಳನ್ನು ಉದ್ದಣ್ಣ ನೋಡಿಕೊಳ್ಳುತ್ತಿದ್ದಾನೆ.

ಮೊದಲು ಚೆನ್ನಾಗಿಯೇ ಇತ್ತು. ಒಂದು ರಟ್ಟು ಹೊಲಿದೆ, ರಾಜನ ತಲೆಗಳು ನೆಟ್ಟಗೆ ಬಂದವು. ಎರಡನೆಯದಕ್ಕೆ ಕೈ ಹಾಕಿದೆ. ಆಗ ಯಾಕೋ ಬಾಗಿಲನ್ನೊಮ್ಮೆ ನೋಡೋಣ ಎನ್ನಿಸಿತು. ಎದ್ದು ತಳ್ಳಿದೆ. ಬೀಗ ಹಾಕಿದೆ ಎಂದು ಗೊತ್ತಿತ್ತು, ಆದರೂ ತಳ್ಳಿದೆ. ಬಂದು ಕೂತೆ, ಮತ್ತೆ ಎದ್ದೆ. ಆ ಅಂಗಡಿ ನನ್ನದು, ಮೂವತ್ತು ವರ್ಷದಿಂದ ಅದರೊಳಗೇ ಬದುಕಿದ್ದೇನೆ, ಯಾವ ಡ್ರಾಯರಿನಲ್ಲಿ ಯಾವ ಗುಂಡಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ನಿನ್ನೆ ಅದು ಯಾರದೋ ಅಂಗಡಿಯ ಹಾಗೆ ಕಂಡಿತು. ದೀಪದ ಹೊಗೆ ಮೇಲೆ ಹೋಗಿ ತಗಡಿಗೆ ತಾಗಿ ಕೆಳಗೆ ಬರುತ್ತಿತ್ತು. ಆ ತಗಡು ಹೊಡೆದದ್ದು ನಾನೇ. ಹೂಜಿಯ ನೀರು ಬೇಗ ಖಾಲಿಯಾಯಿತು. ಅದನ್ನು ದಿನಾ ಪೂರ್ತಿ ತುಂಬಿಸುವ ಬುದ್ಧಿ ನನಗೆ ಬಂದಿರಲೇ ಇಲ್ಲ.

ಬಾಗಿಲು ತಟ್ಟಿದೆ. ಯಾರೋ ಬರುತ್ತಿದ್ದರು. ಕೆಮ್ಮು ಕೇಳಿ ಗುರುತಿಸಿದೆ, ಬೈಂಡಿಂಗ್ ಅಂಗಡಿಯವನು, ನನ್ನ ಜೊತೆ ದಿನಾ ಚಹಾ ಕುಡಿಯುವವನು. ಇನ್ನೂ ಜೋರಾಗಿ ತಟ್ಟಿದೆ. ಅವನ ಹೆಜ್ಜೆ ಒಂದು ಸಲ ತಡೆಯಿತು, ಆಮೇಲೆ ಬಿರುಸಾಯಿತು. ಅವನನ್ನು ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಎಷ್ಟೋ ಸಂಜೆ ನಾನೂ ಅವನ ಬಾಗಿಲ ಮುಂದೆ ಹಾಗೆಯೇ ಹೋಗಿದ್ದೇನೆ. ಎಂಟಾದ ಮೇಲೆ ನಮ್ಮ ಬೀದಿಯಲ್ಲಿ ಯಾರಿಗೂ ಕಿವಿ ಕೇಳುವುದಿಲ್ಲ.

ಆಮೇಲೆ ನೀನು ಬಂದೆ.

ನಿನ್ನ ಕಾಲೆಳೆತ ನನಗೂ ಗೊತ್ತು. ನೀನು ಬಾಗಿಲ ಮುಂದೆ ನಿಂತೆ. ಬೀಗವನ್ನು ಕೈಯಲ್ಲಿ ಹಿಡಿದೆ, ಅದು ಬಾಗಿಲಿಗೆ ಬಡಿದ ಸದ್ದು ಕೇಳಿತು. ಹಲಗೆಗೆ ಕಿವಿ ಇಟ್ಟೆ ಎಂದು ಕಾಣುತ್ತದೆ, ನಿನ್ನ ಉಸಿರು ಕೂಡ ಕೇಳಿಸಿತು. ನಮ್ಮಿಬ್ಬರ ನಡುವೆ ಒಂದು ಹಲಗೆ.

"ಅಣ್ಣಾ, ಇದೀಯಾ?" ಅಂದೆ ನೀನು.

ನಾನು ಉಸಿರು ಬಿಗಿಹಿಡಿದೆ. ನಾನಪ್ಪಾ, ನಿನ್ನಪ್ಪ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ನಾಚಿಕೆ ಬಿಡಲಿಲ್ಲ.

"ಬೇರೆ ಬೀದಿಯವರದ್ದೆಲ್ಲ ತೆಗೆಸಿದೆ ಅಣ್ಣಾ. ಇದನ್ನ ನನ್ನ ಕೈಲಿ ಆಗ್ತಿಲ್ಲ. ಅಪ್ಪನ ಬಾಗಿಲು ಇದು. ನೀನಾದರೂ ನನ್ನ ಕ್ಷಮಿಸು."

ಅಷ್ಟು ಹೇಳಿ ನೀನು ಬೀಗ ಬಿಟ್ಟೆ. ಆಮೇಲೆ ಹೋದೆ.

ಮಗನೇ, ನೋಟೀಸು ಬಂದ ದಿನದಿಂದ ನಾನು ಬಯಸಿದ್ದು ಇದನ್ನೇ. ಎಷ್ಟೇ ಹಾರಾಡಿದರೂ ನನ್ನ ಮಗ ನನ್ನ ಬೀಗ ಮುಟ್ಟಲಾರ ಎಂದು ನಿನ್ನಮ್ಮನ ಮುಂದೆ ಕೊಚ್ಚಿಕೊಂಡಿದ್ದೆ. ಅದು ಹಾಗೆಯೇ ಆಯಿತು. ನಾನು ಗೆದ್ದೆ. ಆದರೆ ಗೆದ್ದಾಗ ನಾನು ಬಾಗಿಲ ಒಳಗಿದ್ದೆ. ನಿನ್ನ ಹೆಜ್ಜೆ ದೂರವಾಗುತ್ತ ಹೋದ ಹಾಗೆ ನನಗೆ ಅಳು ಬಂತು. ಅಪ್ಪನ ಮೇಲಿನ ಪ್ರೀತಿಗೆ ನೀನು ಬಿಟ್ಟುಹೋದದ್ದು ಯಾರನ್ನು ಎಂದು ನನಗೆ ಅಲ್ಲಿ ಕೂತಾಗ ತಿಳಿಯಿತು.

ಆಗ ಪಕ್ಕದ ಗೋಡೆಯ ಮೇಲೆ ಯಾರೋ ಎರಡು ಸಲ ತಟ್ಟಿದರು. ಇಲಿ ಎಂದುಕೊಂಡೆ. ಮತ್ತೆ ಎರಡು ಸಲ. ಸ್ವಲ್ಪ ಬಿಟ್ಟು ಇನ್ನೆರಡು ಸಲ, ಈಗ ಅವಸರ ಅವಸರವಾಗಿ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಆದರೆ ಆ ಕಡೆಯವನು ಹೆದರಿದ್ದಾನೆ ಎಂದು ಗೊತ್ತಾಯಿತು. ಬೆರಳಿನ ಗೆಣ್ಣಿನಿಂದ ನಾನೂ ಎರಡು ಸಲ ತಟ್ಟಿದೆ. ಅವನು ಸುಮ್ಮನಾದ. ನಿನ್ನಮ್ಮ ಬಂದು ಬಾಗಿಲು ತೆಗೆಯುವ ತನಕ ಆ ಗೋಡೆಗೇ ಒರಗಿ ಕೂತಿದ್ದೆ.

ಬಾಗಿಲು ತೆರೆದಾಗ ಉದ್ದಣ್ಣ ಒಳಗೆ ಬಂದು ನನ್ನ ರಟ್ಟು ನೋಡಿ, ಎರಡನೆಯದರಲ್ಲಿ ರಾಜ ತಲೆಕೆಳಗಾಗಿದಾನೆ ಯಜಮಾನ್ರೇ ಅಂದ. ಇರಲಿ ಬಿಡು ಅಂದೆ. ಅವನು ಕೈ ಹಿಡಿದು ಎಬ್ಬಿಸಿದ.

ಇವತ್ತು ಬೆಳಗ್ಗೆ ಬಡಗಿಯನ್ನು ಕರೆಸಿದೆ. ಹೊರಗಿನ ಕೊಂಡಿಯನ್ನು ಕಿತ್ತು ಹಾಕಿದ್ದಾನೆ, ಒಳಗೆ ಹೊಸ ಚಿಲಕ ಬಡಿಯುತ್ತಿದ್ದಾನೆ. ಮೇಲಿನ ತಗಡನ್ನು ಉದ್ದಣ್ಣ ನೆಲದ ಮೇಲೆ ನಿಂತೇ ಕಿತ್ತ. ಸರ್ಕಾರದ ಗುಂಡಿ ತಡವಾದರೆ ತಡವಾಗಲಿ, ಪೇದೆಗಳು ಸ್ವಲ್ಪ ದಿನ ಪಿನ್ನು ಚುಚ್ಚಿಕೊಳ್ಳಲಿ. ಸಂಜೆ ಎಂಟಾದ ಮೇಲೆ ಉದ್ದಣ್ಣ ನಮ್ಮ ಮನೆಯಲ್ಲೇ ಉಣ್ಣುತ್ತಾನೆ. ಮಗ ಎಂದು ಬರೆಸಿದ್ದನ್ನು ಹೊಡೆದುಹಾಕಿ ಕೆಲಸಗಾರ ಎಂದು ಬರೆದುಕೋ, ರಜೆ ಸಂಬಳ ಎಲ್ಲ ಕಾಯ್ದೆಯ ಪ್ರಕಾರ. ಇದನ್ನು ಅವನಿಗೆ ಹೇಳಿದಾಗ ಅವನ ಮುಖ ಚಿಕ್ಕದಾಯಿತು. ಊಟಕ್ಕೆ ಬರುವಾಗ ಮಗ, ಅಂಗಡಿಯಲ್ಲಿ ಕೆಲಸಗಾರ ಅಂದೆ. ಯೋಚನೆ ಮಾಡಿ, ಆಗಬಹುದು ಅಂದ.

ಇನ್ನು ಇದು ದೂರು, ಇನ್ಸ್‌ಪೆಕ್ಟರ್ ಎಂದು ತಿಳಿದು ಓದು. ನಿನ್ನೆಯವರೆಗೆ ನನ್ನ ಅಂಗಡಿಯಲ್ಲಿ ಮುಚ್ಚುವ ಹೊತ್ತಿನ ನಂತರ ಒಬ್ಬನನ್ನು ಒಳಗಿಟ್ಟು ಕೆಲಸ ಮಾಡಿಸಿದ್ದೇನೆ. ಮೊದಲ ಮೊಕದ್ದಮೆ ನನ್ನ ಮೇಲೆ ಹಾಕು, ನಾನು ನ್ಯಾಯಾಲಯಕ್ಕೆ ಬರುತ್ತೇನೆ. ಅದಾದರೆ ಬೀದಿಯಲ್ಲಿ ಬೇರೆಯವರ ಬಾಯಿ ಮುಚ್ಚುತ್ತದೆ, ಮಗ ಅಪ್ಪನನ್ನು ಮಾತ್ರ ಕೇಸಿಲ್ಲದೆ ಬಿಟ್ಟ ಎಂದು ಯಾರೂ ಹೇಳುವಂತಿಲ್ಲ.

ಎರಡನೆಯದು, ಪಕ್ಕದ ಬೈಂಡಿಂಗ್ ಅಂಗಡಿ. ಒಳಗೊಬ್ಬನಿದ್ದಾನೆ. ಇವತ್ತು ರಾತ್ರಿ ಅವನು ಗೋಡೆ ತಟ್ಟುವಾಗ ಉದ್ದಣ್ಣ ನಮ್ಮ ಮನೆಯಲ್ಲಿ ಉಣ್ಣುತ್ತಿರುತ್ತಾನೆ, ಈ ಕಡೆಯಿಂದ ಯಾರೂ ತಟ್ಟುವುದಿಲ್ಲ. ಅದಕ್ಕೆ ಮುಂಚೆ ಬಾ.

ನಿನ್ನ ಅಪ್ಪ